ಘಟ್ಟ ಇಳಿದ ಮೇಲೆ ಬದಲಾದ ಸನ್‌ಸ್ಕ್ರೀನ್: ಮಂಗಳೂರಿನಲ್ಲಿ ಹನ್ನೊಂದು ತಿಂಗಳ ಬಳಕೆ

ಬೆಂಗಳೂರಿನಲ್ಲಿ ಹತ್ತಾರು ವರ್ಷ ಒಂದೇ ಸನ್‌ಸ್ಕ್ರೀನ್ ಕ್ರೀಮನ್ನು ನಂಬಿಕೊಂಡಿದ್ದ ನನಗೆ, ಕಳೆದ ಮಾರ್ಚಿನಲ್ಲಿ ವರ್ಗವಾಗಿ ಮಂಗಳೂರಿಗೆ ಬಂದ ಮೊದಲ ವಾರವೇ ಅದು ಕೈಕೊಟ್ಟಿತು. ಬೆಳಿಗ್ಗೆ ಕಂಕನಾಡಿಯಲ್ಲಿ ಬಸ್ಸು ಹತ್ತಿ ಹಂಪನಕಟ್ಟೆಯಲ್ಲಿ ಇಳಿಯುವಷ್ಟರಲ್ಲಿ ಮುಖಕ್ಕೆ ಹಚ್ಚಿದ್ದೆಲ್ಲ ಬೆವರಿನಲ್ಲಿ ಕಲೆತು ಕತ್ತಿಗೆ ಇಳಿದಿರುತ್ತಿತ್ತು. ಸಂಜೆ ಬಟ್ಟೆ ಒಗೆಯುವಾಗ ನೋಡಿದರೆ ಕುರ್ತಾದ ಕೊರಳಪಟ್ಟಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಹಳದಿ ಗೆರೆ. ಹೀಗಾಗಿ ಏಪ್ರಿಲ್ ಮೊದಲ ವಾರದಲ್ಲಿ ಔಷಧದಂಗಡಿಯಿಂದ ನೀರಿನಾಧಾರದ ಒಂದು ಜೆಲ್ ಸನ್‌ಸ್ಕ್ರೀನ್ ತಂದೆ. ಅಂದಿನಿಂದ ಇಂದಿನವರೆಗೆ ಹತ್ತಾರು ಟ್ಯೂಬು ಮುಗಿಸಿರುವುದರಿಂದ ಅದರ ಬಗ್ಗೆ ನಾಲ್ಕು ಮಾತು ಬರೆಯುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಬಗೆಯ ಜೆಲ್‌ಗಳು ಯಾವ ಅಂಗಡಿಯಲ್ಲಿ ಕೇಳಿದರೂ ನಾಲ್ಕೈದು ಸಿಗುತ್ತವೆ, ಗುಣದೋಷಗಳೂ ಹೆಚ್ಚುಕಡಿಮೆ ಒಂದೇ.

ಮೊದಲಿಗೆ ನಾನೇ ನಂಬಿದ್ದ ಒಂದು ತಪ್ಪು ತಿಳಿವಳಿಕೆಯನ್ನು ಹೇಳಿಬಿಡಬೇಕು. ಮಂಗಳೂರಿನ ಬಿಸಿಲು ಬೆಂಗಳೂರಿನದಕ್ಕಿಂತ ಖಾರ ಎಂಬುದು ಘಟ್ಟದ ಮೇಲಿನವರ ಮಾತು. ಎರಡೂ ಊರುಗಳು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇವೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದ ಆಚೆಗೊಮ್ಮೆ ಸೂರ್ಯ ಎರಡೂ ಊರಿನವರ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ, ಆಕಾಶ ತಿಳಿಯಾಗಿದ್ದಾಗ, ನೇರಳಾತೀತ ಕಿರಣಗಳು ಒಂದಿಷ್ಟು ಹೆಚ್ಚೇ ತಾಗುತ್ತವೆ. ಬದಲಾದದ್ದು ಗಾಳಿ. ಬೆಂಗಳೂರಿನ ಒಣಗಾಳಿಯಲ್ಲಿ ಬೆವರು ಕಾಣಿಸಿಕೊಳ್ಳುವ ಮೊದಲೇ ಆರಿಹೋಗುತ್ತದೆ. ಇಲ್ಲಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರಿಗೆ ಹೋಗಲು ಜಾಗವಿಲ್ಲದೆ ಚರ್ಮದ ಮೇಲೆಯೇ ನಿಂತು, ಅಲ್ಲಿ ಹಚ್ಚಿದ ಎಣ್ಣೆಯಂಶವನ್ನು ತೇಲಿಸಿಕೊಂಡು ಹೋಗುತ್ತದೆ. ಆದ್ದರಿಂದ ಬಿಸಿಲಿನ ಎದುರು ರಕ್ಷಣೆ ಎಷ್ಟೆಂದು ಹೇಳುವ ಎಸ್‌ಪಿಎಫ್ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿರಲಿಲ್ಲ. 30ರ ಸನ್‌ಸ್ಕ್ರೀನ್ ಚರ್ಮ ಸುಡುವ ಯುವಿಬಿ ಎಂಬ ನೇರಳಾತೀತ ಕಿರಣಗಳಲ್ಲಿ ಶೇ. 97ರಷ್ಟನ್ನು ತಡೆದರೆ 50ರದ್ದು ಶೇ. 98ರಷ್ಟನ್ನು ತಡೆಯುತ್ತದೆ, ಅಷ್ಟೇ. ನನಗೆ ಬೇಕಿದ್ದದ್ದು ಬೆವರಿನ ಎದುರು ನಿಲ್ಲುವ ಗುಣ.

ಆ ದೃಷ್ಟಿಯಿಂದ ಈ ಜೆಲ್ಲಿಗೆ ಒಳ್ಳೆಯ ಅಂಕ ಕೊಡುತ್ತೇನೆ. ಡಬ್ಬಿಯ ಮೇಲೆ ಎಸ್‌ಪಿಎಫ್ 50, ಯುವಿಎ ಎಂಬ ಇನ್ನೊಂದು ಬಗೆಯ ನೇರಳಾತೀತ ಕಿರಣದ ಎದುರಿನ ರಕ್ಷಣೆ ಹೇಳುವ ಪಿಎ ಪಕ್ಕದಲ್ಲಿ ನಾಲ್ಕು ಪ್ಲಸ್ ಗುರುತು, ಜೊತೆಗೆ 80 ನಿಮಿಷ ನೀರಿಗೆ ಜಗ್ಗದು ಎಂಬ ಬರಹವಿದೆ. ಕೊಳ್ಳುವವರು ಈ ನಿಮಿಷಗಳ ಲೆಕ್ಕವನ್ನು ಹುಡುಕಬೇಕು. 'ವಾಟರ್‌ಪ್ರೂಫ್', 'ಸ್ವೆಟ್‌ಪ್ರೂಫ್' ಎಂಬ ಮಾತುಗಳನ್ನು ಅಮೆರಿಕದ ನಿಯಮ ಲೇಬಲ್ಲಿನ ಮೇಲೆ ಬಳಸಲು ಬಿಡುವುದೇ ಇಲ್ಲ. 40 ಇಲ್ಲವೇ 80 ನಿಮಿಷ ಎಂದು ನಮೂದಿಸಬೇಕು. ಹಚ್ಚಿದ ಎರಡು ನಿಮಿಷದಲ್ಲಿ ಜೆಲ್ ಚರ್ಮದಲ್ಲಿ ಇಳಿದು, ಬೆರಳಿಗೆ ಅಂಟದಂತೆ ಒಣಗುತ್ತದೆ. ಬಸ್ಸಿನಲ್ಲಿ ಬೆವರು ಸುರಿದರೂ ಕರವಸ್ತ್ರದಿಂದ ಒರೆಸದೆ ಒತ್ತಿ ತೆಗೆದರೆ ಕಾಲೇಜು ಮುಟ್ಟುವವರೆಗೆ ಉಳಿಯುತ್ತದೆ. ಕುರ್ತಾದ ಹಳದಿ ಗೆರೆಯೂ ನಿಂತಿತು.

ಆದರೆ ಹುಬ್ಬಿನ ಮೇಲೆ ಹಚ್ಚಿದ್ದು ಮೇ ತಿಂಗಳ ಮಧ್ಯಾಹ್ನ ಕಣ್ಣಿಗಿಳಿದರೆ ಉರಿ ಅಷ್ಟಿಷ್ಟಲ್ಲ. ಒಮ್ಮೆ ಪಾಠದ ನಡುವೆ ಎರಡೂ ಕಣ್ಣಲ್ಲಿ ನೀರಿಳಿದು, ಮುಂದಿನ ಬೆಂಚಿನ ಹುಡುಗಿ ತನ್ನ ನೀರಿನ ಬಾಟಲಿ ಚಾಚಿದಳು. ಈಗ ಹುಬ್ಬಿನ ಮೇಲಿನ ಎರಡು ಬೆರಳಗಲ ಜಾಗಕ್ಕೆ ಜೆಲ್ ಬಿಟ್ಟು ಸತುವಿನ ಆಕ್ಸೈಡ್ ಇರುವ ಗಟ್ಟಿ ಕಡ್ಡಿಯನ್ನು ಸವರುತ್ತೇನೆ. ಅದು ಉರಿಯುವುದಿಲ್ಲ, ಆದರೆ ನನ್ನ ಮೈಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಮೊದಲ ದಿನ ಅದನ್ನು ಮುಖವಿಡೀ ಹಚ್ಚಿಕೊಂಡು ಮೆಟ್ಟಿಲಿಳಿದಾಗ ಮನೆಯ ಯಜಮಾನಿ ಅಂಗಳ ಗುಡಿಸುವುದನ್ನು ನಿಲ್ಲಿಸಿ, "ಎಂತ ಟೀಚರೇ, ಬಣ್ಣ ಹಚ್ಚಿ ಹೊರಟದ್ದು? ಇವತ್ತು ಆಟ ಉಂಟಾ?" ಎಂದರು. ಅವರು ತಮಾಷೆಗೆ ಹೇಳಿದ್ದರೂ ಮಾತು ನಿಜಕ್ಕೆ ಹತ್ತಿರವೇ ಇತ್ತು: ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಕೋಣೆಯಲ್ಲಿ, ವೇಷಧಾರಿಗಳು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುವ ಬಿಳಿಯೂ ಇದೇ ಸತುವಿನ ಪುಡಿ.

ಖರ್ಚಿನ ವಿಷಯದಲ್ಲಿ ಈ ಜೆಲ್ ದುಬಾರಿ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಎಸ್‌ಪಿಎಫ್ ಪರೀಕ್ಷೆಯಲ್ಲಿ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖವೊಂದೇ ಸುಮಾರು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 1.2 ಗ್ರಾಂ ಬೇಕು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬು ಮೂರು ವಾರಕ್ಕೆ ಖಾಲಿ. ಟ್ಯೂಬೊಂದಕ್ಕೆ 500 ರೂಪಾಯಿಯ ಆಸುಪಾಸು, ಅಂದರೆ ವರ್ಷಕ್ಕೆ ಎಂಟೂವರೆ ಸಾವಿರ. ಕಡಲೆಕಾಳಿನಷ್ಟು ತೆಗೆದು ಸವರಿಕೊಂಡು ಆರು ತಿಂಗಳು ಎಳೆಯುವವರು ಡಬ್ಬಿಯ ಮೇಲಿನ 50ರ ರಕ್ಷಣೆ ತಮಗೆ ಸಿಕ್ಕಿತೆಂದು ತಿಳಿಯಬಾರದು. ನಾನು ಹಣ ಉಳಿಸಿದ್ದು ಬೇರೆ ಕಡೆ. ಬೆಂಗಳೂರಿನಲ್ಲಿದ್ದಾಗ ಇದ್ದ ರಾತ್ರಿಯ ಕ್ರೀಮು, ಸೀರಮ್ಮು, ಹಗಲಿನ ಮಾಯಿಶ್ಚರೈಸರ್ ಮೂರನ್ನೂ ಇಲ್ಲಿ ಬಿಟ್ಟೆ.

ಬಿಟ್ಟದ್ದಕ್ಕೆ ಖರ್ಚೊಂದೇ ಕಾರಣವಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಈ ಊರಿನಲ್ಲಿ ಜೂನ್‌ನಿಂದ ಮೂರು ತಿಂಗಳು ಒಗೆದ ಬಟ್ಟೆ ಒಣಗುವುದೇ ಇಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳುವರ ಆಟಿ ತಿಂಗಳಲ್ಲಿ ನನ್ನ ಕತ್ತಿನ ಹಿಂದೆ, ಬೆನ್ನಿನ ಮೇಲ್ಭಾಗದಲ್ಲಿ ಚಿಬ್ಬು ಎದ್ದಿತು. ಚರ್ಮದ ವೈದ್ಯರು ನೋಡಿದವರೇ ಕೇಳಿದ್ದು, ರಾತ್ರಿ ಏನು ಹಚ್ಚುತ್ತೀರಿ ಎಂದು. ಚಿಬ್ಬು ತರುವ ಶಿಲೀಂಧ್ರ ಹೊರಗಿನಿಂದ ಬರುವುದಲ್ಲ, ಎಲ್ಲರ ಚರ್ಮದ ಮೇಲೂ ಇರುವಂಥದ್ದು. ಎಣ್ಣೆಯಂಶ ಮತ್ತು ತೇವ ಸಿಕ್ಕಲ್ಲಿ ಬೆಳೆಯುತ್ತದೆ. ದಪ್ಪ ಕ್ರೀಮು, ಅರೆಒಣಗಿದ ರವಿಕೆ ಎರಡೂ ಸೇರಿ ಅದಕ್ಕೆ ಔತಣ ಹಾಕಿದಂತಾಗಿತ್ತು. ಔಷಧಿಯಿಂದ ತುರಿಕೆ ಎರಡು ವಾರದಲ್ಲಿ ನಿಂತರೂ ಬಿಳಿಮಚ್ಚೆ ಮಾಸಲು ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ಜೆಲ್ ತೆಗೆಯುವುದು ಹಚ್ಚುವುದಕ್ಕಿಂತ ಕಷ್ಟ. ನೀರಿಗೆ ಜಗ್ಗದ್ದು ಫೇಸ್‌ವಾಶಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಯಜಮಾನಿ ಹೇಳಿದಂತೆ ನಾಲ್ಕು ಹನಿ ತೆಂಗಿನೆಣ್ಣೆ ಸವರಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಮುಖ ತೊಳೆದರೆ ಪೂರ್ತಿ ಬಿಡುತ್ತದೆ. ಆದರೆ ಎಣ್ಣೆ ಕೂದಲಂಚಿನಲ್ಲಿ ಉಳಿದರೆ ಮೂರನೆಯ ದಿನಕ್ಕೆ ಹಣೆಯಲ್ಲಿ ಗುಳ್ಳೆ ಖಚಿತ.

ದೂರು ಹೇಳುವುದಿದ್ದರೆ ತಯಾರಕರ ಮೇಲೆ. '30 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಇಡಿ' ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದವರು ಕರಾವಳಿಯ ಏಪ್ರಿಲ್ ನೋಡಿದಂತಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಮರೆತ ಟ್ಯೂಬಿನಿಂದ ಮರುದಿನ ಮೊದಲು ನೀರು, ಆಮೇಲೆ ಮೊಸರಿನ ಗಡ್ಡೆಯಂಥದ್ದು ಬಂತು. ಗ್ರಾಹಕ ಸೇವೆಗೆ ಫೋಟೊ ಸಮೇತ ಬರೆದರೆ, "ಬಳಸುವ ಮೊದಲು ಚೆನ್ನಾಗಿ ಅಲುಗಾಡಿಸಿ" ಎಂಬ ಉತ್ತರ ಬಂತು. ಅಲುಗಾಡಿಸಿದೆ, ಕೂಡಲಿಲ್ಲ. ಅಂದಿನಿಂದ ನನ್ನ ಸನ್‌ಸ್ಕ್ರೀನಿನ ಸ್ಥಾನ ಫ್ರಿಜ್ಜಿನಲ್ಲಿ, ನೀರುದೋಸೆ ಹಿಟ್ಟಿನ ಪಾತ್ರೆಯ ಪಕ್ಕ.

ಇದೆಲ್ಲ ಕರಾವಳಿಯಲ್ಲಿ ಇರುವವರಿಗೆ ಹೇಳಿದ ಮಾತು. ಸಂಕ್ರಾಂತಿಗೆಂದು ಬೆಂಗಳೂರಿಗೆ ಹೋದಾಗ ಇದೇ ಟ್ಯೂಬನ್ನು ಒಯ್ದಿದ್ದೆ. ಎರಡನೆಯ ದಿನಕ್ಕೆ ಕೆನ್ನೆ ಬಿಗಿದು, ಮೂಗಿನ ಪಕ್ಕ ಹೊಟ್ಟು ಏಳತೊಡಗಿತು. ಎಳ್ಳು ಬೀರಲು ಹೊರಡುವ ಹೊತ್ತಿಗೆ ಮುಖ ಹಪ್ಪಳದಂತಾಗಿದ್ದುದನ್ನು ಕಂಡು ಅಮ್ಮ ಏನೂ ಹೇಳದೆ, ಮಾರ್ಚಿನಲ್ಲಿ ನಾನು ಬಿಟ್ಟುಹೋಗಿದ್ದ ಹಳೆಯ ಕ್ರೀಮಿನ ಡಬ್ಬಿಯನ್ನು ಕಪಾಟಿನಿಂದ ತಂದು ಕೈಗಿಟ್ಟರು.