ಕಾರು ತಗ್ಗಿಸುವ ಮೊದಲು ನನ್ನ ಟೈರಿನ ಕಥೆ ಕೇಳಿ

ದೊಡ್ಡ ಚಕ್ರ ಹಾಕಿಸಿ, ಗಿಡ್ಡ ಸ್ಪ್ರಿಂಗಿನಿಂದ ಕಾರನ್ನು ನೆಲದತ್ತ ತಗ್ಗಿಸುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ನಾನು ಹಾಕಿಸಿದೆ, ಆರು ತಿಂಗಳಲ್ಲಿ ಎಲ್ಲ ಬಿಚ್ಚಿಸಿದೆ.

ನನ್ನದು ಪರ್ಫಾರ್ಮೆನ್ಸ್ ಹ್ಯಾಚ್‌ಬ್ಯಾಕ್. ಕಂಪನಿಯಿಂದ ಬಂದಾಗ 17 ಇಂಚಿನ ಚಕ್ರ, 225/45 ಟೈರ್ (ಅಗಲ 225 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 45). ಟೈರಿಗೂ ಅದರ ಮೇಲಿನ ಫೆಂಡರಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಜಾಗ. ಅದೊಂದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. 19 ಇಂಚಿನ ಅಲಾಯ್, 235/35 ಟೈರ್, ಜೊತೆಗೆ 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಿದೆ. ಶಾಕ್ ಅಬ್ಸಾರ್ಬರ್ ಹಳೆಯದೇ ಇರಲಿ ಅಂದೆ. ಸುಮ್ನೆ ಖರ್ಚು ಯಾಕೆ, ಅಲ್ವಾ?

ನಿಂತ ಕಾರು ಚೆಂದ ಕಾಣುತ್ತಿತ್ತು, ಸುಳ್ಳು ಹೇಳಲ್ಲ. ಓಡಿಸಿದರೆ ಬೇರೆಯೇ ಕಥೆ. ಸ್ಪ್ರಿಂಗ್ ಗಿಡ್ಡವಾದರೆ ಶಾಕ್‌ನ ರಾಡ್ ಮೊದಲೇ ಅಷ್ಟು ಒಳಗೆ ಇಳಿದಿರುತ್ತದೆ. ಚಿಕ್ಕ ಗುಂಡಿಗೂ ಬಂಪ್ ಸ್ಟಾಪ್‌ಗೆ, ಅಂದರೆ ಶಾಕ್ ಪೂರ್ತಿ ಕುಗ್ಗದಂತೆ ತಡೆಯುವ ರಬ್ಬರ್ ತುಂಡಿಗೆ, ಹೋಗಿ ಧಡ್ ಅಂತ ಬಡಿಯುತ್ತದೆ. ತಿರುವಿನ ನಡುವೆ ಹಾಗಾದರೆ ಕಾರು ಒಂದು ಹೆಜ್ಜೆ ಪಕ್ಕಕ್ಕೆ ನೆಗೆಯುತ್ತದೆ. ಮೊದಲು ಆರಾಮವಾಗಿ ಹೋಗುತ್ತಿದ್ದ ತಿರುವಿಗೆ ಈಗ ಬ್ರೇಕ್ ಹಾಕುತ್ತಿದ್ದೆ. ಟೈರಿನ ಸೈಡ್‌ವಾಲ್ (ಪಕ್ಕದ ಗೋಡೆ) 101 ಮಿ.ಮೀ.ನಿಂದ 82ಕ್ಕೆ ಇಳಿದಿತ್ತು. ಏಟೆಲ್ಲ ನೇರ ರಿಮ್ಮಿಗೆ. ಇನ್ನು ಸ್ಪೀಡೋಮೀಟರ್: ಚಕ್ರದ ಸುತ್ತಳತೆ ಶೇ. 2ರಷ್ಟು ಹೆಚ್ಚಿದ್ದರಿಂದ, ಮೀಟರ್ ಮೊದಲಿನ ಅಂಕಿಯನ್ನೇ ತೋರಿಸಿದರೂ ಮೊದಲಿಗಿಂತ ಅಷ್ಟು ಜಾಸ್ತಿ ವೇಗದಲ್ಲಿ ಹೋಗುತ್ತಿದ್ದೆ.

ಇದನ್ನೆಲ್ಲ ಸಹಿಸಿಕೊಂಡೆ. ಹೆದರಿಸಿದ್ದು ಬೇರೆ.

ಸ್ಪ್ರಿಂಗ್ ಹಾಕಿದವರು "ಇದು ಸೆಟ್ ಆಗಲಿ ಸರ್, ಆಮೇಲೆ ಬಂದು ಅಲೈನ್‌ಮೆಂಟ್ ಮಾಡಿಸಿ" ಅಂದಿದ್ದರು. ಅಂದರೆ ಚಕ್ರಗಳ ಕೋನ ಸರಿಪಡಿಸುವುದು. ಸ್ಟೀರಿಂಗ್ ನೆಟ್ಟಗಿತ್ತು, ಕಾರು ಯಾವ ಕಡೆಗೂ ಎಳೆಯುತ್ತಿರಲಿಲ್ಲ. ಹಾಗಾಗಿ ಆ 'ಆಮೇಲೆ' ಬರಲೇ ಇಲ್ಲ. ತಪ್ಪು ನನ್ನದೇ.

ಒಂದು ಭಾನುವಾರ ಕಾರು ತೊಳೆಯುತ್ತಿದ್ದೆ. ಮುಂದಿನ ಟೈರಿನ ಹಿಂಬದಿಗೆ ಬಟ್ಟೆ ಹಾಕಿ ಒರೆಸುವಾಗ ಬೆರಳಿಗೆ ಏನೋ ಚುಚ್ಚಿತು. ರಕ್ತ ಬಂತು. ಮುಳ್ಳಿರಬೇಕು ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಟೈರಿನ ಒಳ ಅಂಚಿನಲ್ಲಿ ಎರಡು ಬೆರಳಗಲ ರಬ್ಬರ್ರೇ ಇಲ್ಲ. ಉಕ್ಕಿನ ತಂತಿಗಳು ಹಳೇ ಚಾಪೆಯ ಕಡ್ಡಿಗಳ ಹಾಗೆ ಎದ್ದು ನಿಂತಿದ್ದವು. ಹೊರಗಿನಿಂದ ನೋಡಿದರೆ ಅದೇ ಟೈರ್ ಹೊಸದರಂತೆ! ಹಿಂದಿನ ದಿನವಷ್ಟೇ ಮನೆಯವರನ್ನೆಲ್ಲ ಕೂರಿಸಿಕೊಂಡು ಹೈವೇಯಲ್ಲಿ ಹೋಗಿ ಬಂದಿದ್ದೆ.

ಅಲೈನ್‌ಮೆಂಟ್ ಮಷೀನಿಗೆ ಹಾಕಿಸಿದಾಗ ಗೊತ್ತಾಯಿತು, ಮುಂದಿನ ಎರಡೂ ಚಕ್ರಗಳ ಟೋ, ಅಂದರೆ ಚಕ್ರದ ಮುಂಭಾಗ ನೋಡುವ ದಿಕ್ಕು, ಹೊರಕ್ಕೆ ತಿರುಗಿತ್ತು. ಕಾರು ತಗ್ಗಿದರೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಜೊತೆ ಟೋ ಕೂಡ ಬದಲಾಗುತ್ತದೆ. ಕ್ಯಾಂಬರ್ ಟೈರನ್ನು ನಿಧಾನಕ್ಕೆ ಸವೆಸಿದರೆ ಟೋ ಉಜ್ಜಿ ತಿನ್ನುತ್ತದೆ. ಟೈರ್ ಬಿಚ್ಚಿದಾಗ ಹಿಂದಿನ ಒಂದು ರಿಮ್ಮಿನ ಒಳತುಟಿಯಲ್ಲಿ ಸೀಳು ಬೇರೆ. ಅದೂ ಹೊರಗೆ ಕಾಣುತ್ತಿರಲಿಲ್ಲ.

ದೊಡ್ಡ ಚಕ್ರದ ಆಸೆ ತಡೆಯಲಾಗದಿದ್ದರೆ 18 ಇಂಚಿಗೆ ನಿಲ್ಲಿಸಿ. ನನ್ನಂಥ ಕಾರಿಗೆ 225/40 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಮೊದಲಿನಷ್ಟೇ. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಎನ್ನುವ ಸಂಖ್ಯೆ) ಕಡಿಮೆಯಾಗದಂತೆ ನೋಡಿಕೊಳ್ಳಿ. ತಗ್ಗಿಸುವುದಾದರೆ ಸ್ಪ್ರಿಂಗಿಗೆ ಹೊಂದುವ ಶಾಕ್ ಜೊತೆಗೇ ಹಾಕಿಸಿ.

ಈಗಾಗಲೇ ತಗ್ಗಿಸಿದ್ದೀರಾ? ಇವತ್ತೇ ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಾರು ನಿಲ್ಲಿಸಿ, ಮುಂದಿನ ಟೈರಿನ ಒಳ ಅಂಚು ನೋಡಿ. ಟಾರ್ಚ್ ಬೆಳಕು ಹಾಯಿಸಿ, ಕೈ ಹಾಕಬೇಡಿ.