ಮಂಡಿ ನೋವು: ಮಾತ್ರೆ, ಇಂಜೆಕ್ಷನ್, ವ್ಯಾಯಾಮ ಮೂರನ್ನೂ ಮಾಡಿ ನೋಡಿದೆ

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ, ಮೊದಲ ಮಹಡಿ. ಒಟ್ಟು 18 ಮೆಟ್ಟಿಲು. ಎರಡು ವರ್ಷದ ಹಿಂದೆ ಬಲ ಮಂಡಿ ನೋಯೋಕೆ ಶುರುವಾಯಿತು. ಹತ್ತುವಾಗ ಅಷ್ಟಿಲ್ಲ, ಇಳಿಯುವಾಗ ಜಾಸ್ತಿ. ಎಕ್ಸ್‌ರೇ ನೋಡಿ "ಮಂಡಿ ಸವೆದಿದೆ ಅಮ್ಮಾ" ಅಂದರು. ನನಗಾಗ 56. ಅವತ್ತಿನಿಂದ ಪ್ರತಿ ಭಾನುವಾರ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ನೋವು ಹತ್ತಕ್ಕೆ ಎಷ್ಟು ಅಂತ ಬರೆದಿಡುತ್ತಾ ಬಂದೆ.

ಮೊದಲು, ಕೀಲಿಗೆ ಒಳ್ಳೆಯದು ಅಂತ ಅಂಗಡಿಯಲ್ಲಿ ಮಾರುವ ಗ್ಲುಕೋಸಮೈನ್ ಮಾತ್ರೆ. ನಾಲ್ಕು ತಿಂಗಳು ತಪ್ಪದೆ ನುಂಗಿದೆ. 7 ಇದ್ದ ನೋವು 6ಕ್ಕೆ ಬಂತು, ಮತ್ತೆ 7 ಆಯಿತು. ಪಕ್ಕದ ಮನೆಯವರಿಗೆ ಇದರಿಂದಲೇ ವಾಸಿಯಾಯಿತಂತೆ. ಅದಕ್ಕೂ ಕಾರಣ ಇದೆ. 2006ರಲ್ಲಿ ಅಮೆರಿಕದಲ್ಲಿ 1583 ಜನರ ಮೇಲೆ ನಡೆದ ಅಧ್ಯಯನದ ವರದಿ ಬಂತು. ಔಷಧಿಯೇ ಇಲ್ಲದ ಸುಮ್ನೆ ಮಾತ್ರೆ ತಗೊಂಡವರಲ್ಲೂ ನೂರಕ್ಕೆ 60 ಜನಕ್ಕೆ ನೋವು ಕಮ್ಮಿಯಾಗಿತ್ತು. ಗ್ಲುಕೋಸಮೈನ್ ತಗೊಂಡವರಲ್ಲಿ 64. ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಿಂಗಳು ತಿಂಗಳು ದುಡ್ಡು ಸುರಿಯಬೇಕಾ? ಇನ್ನೊಂದು ಮಾತು. ಈ ಮಾತ್ರೆಯನ್ನು ಹೆಚ್ಚಾಗಿ ಸಿಗಡಿ, ಏಡಿ ಚಿಪ್ಪಿನಿಂದ ಮಾಡುತ್ತಾರೆ. ನಮ್ಮಂಥ ಸಸ್ಯಾಹಾರಿ ಮನೆಯವರಿಗೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ನನಗೆ ಗೊತ್ತಾದಾಗ ನಿಜವಾಗಿಯೂ ಬೇಜಾರಾಯಿತು.

ಆಮೇಲೆ ಸ್ಟೆರಾಯ್ಡ್ ಇಂಜೆಕ್ಷನ್. ಮಂಡಿಗೇ ಚುಚ್ಚುತ್ತಾರೆ. ಮೂರನೇ ದಿನಕ್ಕೆ ನೋವು 2! ಮದುವೆ ಮನೆಯಲ್ಲಿ ದಿನವಿಡೀ ಓಡಾಡಿದೆ. ಆದರೆ ನನಗೆ ಶುಗರ್ ಇದೆ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ 130 ಇರುತ್ತಿದ್ದದ್ದು ನಾಲ್ಕು ದಿನ 200 ದಾಟಿತು. ಹೀಗಾಗಬಹುದು ಅಂತ ಆ ಕ್ಲಿನಿಕ್‌ನಲ್ಲಿ ಒಂದು ಮಾತು ಹೇಳಿರಲಿಲ್ಲ. ಹತ್ತನೇ ವಾರಕ್ಕೆ ನೋವು ಮತ್ತೆ 6. "ಮೂರು ತಿಂಗಳಿಗೊಂದು ಹಾಕಿಸಿಕೊಳ್ಳಿ" ಅಂದರು. ನಾನು ಒಪ್ಪಲಿಲ್ಲ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ 140 ಜನಕ್ಕೆ ಎರಡು ವರ್ಷ, 12 ವಾರಕ್ಕೊಮ್ಮೆ ಹೀಗೇ ಚುಚ್ಚಿದ್ದರು. ಅರ್ಧ ಜನಕ್ಕೆ ಸ್ಟೆರಾಯ್ಡ್, ಇನ್ನರ್ಧಕ್ಕೆ ಬರೀ ಉಪ್ಪು ನೀರು. ಎರಡು ವರ್ಷ ಕಳೆದ ಮೇಲೆ ನೋವಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಮೂಳೆಗಳ ನಡುವಿನ ಮೆತ್ತನೆಯ ಪದರ ಮಾತ್ರ ಸ್ಟೆರಾಯ್ಡ್ ಕಡೆಯವರಲ್ಲಿ ಜಾಸ್ತಿ ಸವೆದಿತ್ತು.

ಕೊನೆಗೆ ಫಿಸಿಯೋಥೆರಪಿ. ಇದನ್ನೇ ಮೊದಲು ಮಾಡಬೇಕಿತ್ತು. ಮಂಚದ ಮೇಲೆ ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಬೇಕು. ಆಗ ತೊಡೆಯ ಮುಂದಿನ ಸ್ನಾಯು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹತ್ತು ಎಣಿಸಿ ಬಿಡಬೇಕು. ಮೊದಲ ದಿನ ನಾನು ಒತ್ತಿದರೂ ಆ ಸ್ನಾಯು ಅಲುಗಲೇ ಇಲ್ಲ. ಫಿಸಿಯೋ ಹುಡುಗಿ ತನ್ನ ಎರಡು ಬೆರಳು ಅಲ್ಲಿಟ್ಟು, "ಇಲ್ಲಿ ಆಂಟಿ, ನನ್ನ ಬೆರಳು ಎತ್ತಿ ನೋಡೋಣ" ಅಂದಳು. ಐದನೇ ಸಲಕ್ಕೆ ಬೆರಳು ಮೇಲೆ ಎದ್ದಿತು. ಆ ಸ್ನಾಯು ಸೋತರೆ ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ ಅಂತ ಅವತ್ತು ಅರ್ಥವಾಯಿತು. ಆಮೇಲೆ ಕೈ ಊರದೆ ಕುರ್ಚಿಯಿಂದ ಏಳುವುದು, ಒಂದೇ ಮೆಟ್ಟಿಲು ಹತ್ತಿ ಇಳಿಯುವುದು. ಚಕ್ಕಳಮಕ್ಕಳ ಕೂತು ರೊಟ್ಟಿ ಬಡಿಯುವುದನ್ನು ಬಿಟ್ಟು ಕಟ್ಟೆಯ ಮೇಲೆ ಬಡಿಯಲು ಕಲಿತೆ. ಮೊದಲ ಎರಡು ವಾರ ನೋವು ಹೆಚ್ಚೇ ಆಯಿತು. ಬಿಟ್ಟುಬಿಡೋಣ ಅನ್ನಿಸಿದ್ದು ಆಗಲೇ. ಆರನೇ ವಾರಕ್ಕೆ 4. ಆರನೇ ತಿಂಗಳಿಗೆ 2, ಈಗಲೂ ಅಲ್ಲೇ ನಿಂತಿದೆ. ಕುಂದವಾಡ ಕೆರೆಗೆ ಹೋದರೆ ಮೊದಲಿನ ಹಾಗೆ ಬೆಂಚು ಹುಡುಕುವುದಿಲ್ಲ.

ಇಂಜೆಕ್ಷನ್, ಫಿಸಿಯೋ ಎರಡನ್ನೂ ನೇರವಾಗಿ ಎದುರುಬದುರು ಇಟ್ಟ ಅಧ್ಯಯನವೂ ಇದೆ. 2020ರಲ್ಲಿ ಬಂತು. ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರ ಮೇಲೆ ನಡೆದದ್ದು. ನೋವು, ಬಿಗಿತ, ಓಡಾಟದ ಕಷ್ಟ ಸೇರಿಸಿ 240ಕ್ಕೆ ಅಂಕ, ಕಮ್ಮಿ ಇದ್ದಷ್ಟೂ ಒಳ್ಳೆಯದು. ಶುರುವಿನಲ್ಲಿ ಎರಡೂ ಗುಂಪು 108ರ ಆಸುಪಾಸು. ವರ್ಷದ ಕೊನೆಗೆ ಇಂಜೆಕ್ಷನ್ ಗುಂಪು 55.8, ಫಿಸಿಯೋ ಗುಂಪು 37. ಇಂಜೆಕ್ಷನ್‌ನವರಿಗೂ ಗುಣ ಕಂಡಿದೆ, ಅದನ್ನು ಮುಚ್ಚಿಡಬಾರದು ಅಲ್ವಾ? ನಾಳೆಯೇ ಕಾಲೂರೋಕೆ ಆಗದ ಸ್ಥಿತಿ ಬಂದರೆ ನಾನೂ ಡಾಕ್ಟರ್ ಹತ್ತಿರ ಕೇಳಿ ಒಂದು ಹಾಕಿಸಿಕೊಂಡೇನು. ಆದರೆ ಟವೆಲ್ ಬಿಡುವುದಿಲ್ಲ.

ಇದೆಲ್ಲ ಸವೆದ ಮಂಡಿಯ ಮಾತು. ಚಿತ್ರದುರ್ಗದಲ್ಲಿರುವ ನನ್ನ ತಂಗಿಯದು ಬೇರೆ ಕಾಯಿಲೆ, ರುಮಟಾಯ್ಡ್ ಸಂಧಿವಾತ. ಅದರಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತದೆ. ಬೆಳಗ್ಗೆ ಎದ್ದರೆ ಎರಡೂ ಕೈಬೆರಳ ಗೆಣ್ಣು ಊದಿಕೊಂಡು, ಒಂದು ಗಂಟೆಗೂ ಮೇಲೆ ಬಿಗಿಯಾಗಿರುತ್ತಿದ್ದವು. ಅಂಥವರು ವ್ಯಾಯಾಮ ನಂಬಿಕೊಂಡು ಕೂರಬಾರದು. ಔಷಧಿ ತಡವಾದಷ್ಟೂ ಕೀಲು ಹಾಳಾಗುತ್ತದೆ. ಅವಳಿಗೆ ಕೊಟ್ಟಿರುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಅವಳ ಮನೆ ಕ್ಯಾಲೆಂಡರ್‌ನಲ್ಲಿ ವರ್ಷದ ಎಲ್ಲ ಭಾನುವಾರಕ್ಕೂ ನಾನೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಬಂದಿದ್ದೇನೆ.