ವಿದ್ಯಾರ್ಥಿ ತಂಡದ ಪ್ರಾಜೆಕ್ಟ್‌ಗೆ ಗಿಟ್‌ಹಬ್: ಮಂಡ್ಯದಿಂದ ಒಂದು ವಿಮರ್ಶೆ

ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಬೋಧಿಸುವ ನಾನು ಹಲವು ವರ್ಷಗಳಿಂದ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಮಾರ್ಗದರ್ಶನ ಮಾಡುತ್ತಿದ್ದೇನೆ. ತಂಡದಲ್ಲಿ ನಾಲ್ವರಿದ್ದರೂ ಕೋಡ್ ಬರೆಯುವವರು ಒಬ್ಬರೇ, ಉಳಿದವರು ರಿಪೋರ್ಟ್ ಸಿದ್ಧಪಡಿಸಿ ಬೈಂಡಿಂಗ್ ಮಾಡಿಸುವವರು ಎಂಬ ಸ್ಥಿತಿಯನ್ನು ನೋಡಿ ನೋಡಿ ಬೇಸತ್ತಿದ್ದೆ. ಕೋಡ್ ಪೆನ್‌ಡ್ರೈವ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ಲಾಸ್ಟ್ ಫೈನಲ್’ ಎಂಬ ಫೋಲ್ಡರ್‌ಗಳಾಗಿ ಕೈಯಿಂದ ಕೈಗೆ ಓಡಾಡುತ್ತಿತ್ತು. ಕಳೆದ ಸೆಮಿಸ್ಟರ್‌ನಲ್ಲಿ ಒಂದು ತಂಡದ ಕೆಲಸವನ್ನು ಮೊದಲ ದಿನದಿಂದಲೇ, ಕೋಡನ್ನು ಒಂದೆಡೆ ಇಟ್ಟು ಎಲ್ಲರೂ ಸೇರಿ ಬರೆಯಲು ನೆರವಾಗುವ ಆನ್‌ಲೈನ್ ಸೇವೆಯಾದ ಗಿಟ್‌ಹಬ್‌ನಲ್ಲಿ ನಡೆಸಿದೆವು. ಕಂಪನಿಗಳಲ್ಲಿ ಕೆಲಸ ನಡೆಯುವ ರೀತಿಯನ್ನು ಕಾಲೇಜಿನಲ್ಲೇ ಕಲಿಯಲು ಈ ಸೇವೆ ಎಷ್ಟು ಒದಗುತ್ತದೆ ಎಂಬುದನ್ನು ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಅಭಿವೃದ್ಧಿಗಾಗಿ ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ, ಕೋಡಿನ ಪ್ರತಿ ಬದಲಾವಣೆಯ ಇತಿಹಾಸವನ್ನು ಕಾಪಾಡುವ ಗಿಟ್ ಎಂಬ ತಂತ್ರಾಂಶವನ್ನು ರೂಪಿಸಿದರು. ಅದರ ಮೇಲೆ ನಿಂತಿರುವ ಗಿಟ್‌ಹಬ್ 2008ರಲ್ಲಿ ಆರಂಭವಾಗಿ, 2018ರಿಂದ ಮೈಕ್ರೋಸಾಫ್ಟ್‌ನ ಒಡೆತನದಲ್ಲಿದೆ. ಏಪ್ರಿಲ್ 2020ರಿಂದ ಖಾಸಗಿ ರೆಪಾಸಿಟರಿಗೂ (ಪ್ರಾಜೆಕ್ಟ್‌ನ ಕೋಡ್ ಇಡುವ ಜಾಗ) ಎಷ್ಟು ಜನರನ್ನಾದರೂ ಉಚಿತವಾಗಿ ಸೇರಿಸಿಕೊಳ್ಳಬಹುದಾದ್ದರಿಂದ ನಮ್ಮ ತಂಡಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಗಿಟ್‌ನಲ್ಲಿ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಪೂರ್ಣ ಇತಿಹಾಸ ಇರುವುದರಿಂದ, ಲ್ಯಾಬಿನಲ್ಲಿ ಇಂಟರ್ನೆಟ್ ಕೈಕೊಟ್ಟ ದಿನವೂ ಕಮಿಟ್‌ಗಳು, ಅಂದರೆ ಬದಲಾವಣೆಗಳನ್ನು ದಾಖಲಿಸುವುದು, ನಿಲ್ಲಲಿಲ್ಲ.

ಹಳ್ಳಿಯ ಹಾಲಿನ ಡೇರಿಗೆ ಲೆಕ್ಕದ ತಂತ್ರಾಂಶ ಮಾಡುವುದು ತಂಡದ ಪ್ರಾಜೆಕ್ಟ್ ಆಗಿತ್ತು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲು ಹಾಕುವವರ ಲೀಟರ್, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ದಾಖಲಿಸಿ, ದರ ಕಟ್ಟಿ, ಯಾರಿಗೆ ಎಷ್ಟು ಹಣ ಸಲ್ಲಬೇಕೆಂದು ಅದು ಹೇಳಬೇಕು. ನೇರವಾಗಿ ಮುಖ್ಯ ಶಾಖೆಗೆ (ಎಲ್ಲರ ಕೆಲಸ ಕೊನೆಗೆ ಸೇರುವ ಕೋಡಿನ ಮೂಲ ಪ್ರತಿ) ಯಾರೂ ಕೋಡ್ ಸೇರಿಸುವಂತಿಲ್ಲ, ‘ಈ ಬದಲಾವಣೆಯನ್ನು ಓದಿ ಸೇರಿಸಿಕೊಳ್ಳಿ’ ಎಂಬ ಕೋರಿಕೆಯಾದ ಪುಲ್ ರಿಕ್ವೆಸ್ಟ್ ಕಳುಹಿಸಿ ಇನ್ನೊಬ್ಬರಿಂದ ಒಪ್ಪಿಗೆ ಪಡೆಯಬೇಕು ಎಂಬ ನಿಯಮವನ್ನು ಆರಂಭದಲ್ಲೇ ಹಾಕಿದೆವು. ಖಾಸಗಿ ರೆಪಾಸಿಟರಿಯಲ್ಲಿ ಹೀಗೆ ಶಾಖೆಗೆ ಕಾವಲಿಡುವ ಸೌಲಭ್ಯ ಉಚಿತ ಖಾತೆಗೆ ಸಿಗುವುದಿಲ್ಲ. ವಿದ್ಯಾರ್ಥಿಯೆಂದು ದೃಢೀಕರಿಸಿಕೊಂಡು ಉಚಿತವಾಗಿ ಪ್ರೊ ಖಾತೆ ಪಡೆದವರ ಹೆಸರಿನಲ್ಲಿ ರೆಪಾಸಿಟರಿ ತೆರೆದರೆ ಆ ತೊಡಕು ಬಗೆಹರಿಯುತ್ತದೆ.

ಈ ಸೇವೆಯ ನಿಜವಾದ ಬೆಲೆ ನನಗೆ ತಿಳಿದದ್ದು ಆರನೆಯ ವಾರದಲ್ಲಿ. ಫ್ಯಾಟ್ ದಾಖಲಿಸುವ ಪರದೆಯ ಕೋಡನ್ನು ಒಬ್ಬ ಹುಡುಗ ಕಳುಹಿಸಿದ್ದ. ಕೋಡ್ ಸರಿಯಿದೆಯೇ ಎಂದು ನೋಡುವ ಅವನ ಎಲ್ಲ ಪರೀಕ್ಷೆಗಳೂ ಪಾಸಾಗಿದ್ದವು. ಅದನ್ನು ಓದಿದ ವಿದ್ಯಾರ್ಥಿನಿ ನಿರ್ದಿಷ್ಟವಾಗಿ ಫ್ಯಾಟ್‌ನ ಅಂಕಿಯನ್ನು ತೆಗೆದುಕೊಳ್ಳುವ ಸಾಲಿನ ಕೆಳಗೆ ಕನ್ನಡದಲ್ಲೇ ಹೀಗೆ ಬರೆದಿದ್ದಳು: “ನಮ್ಮನೇಲೂ ಡೇರಿಗೆ ಹಾಲು ಹಾಕ್ತೀವಿ ಕಣೋ. ಬೆಳಿಗ್ಗೆ ಗಡಿಬಿಡೀಲಿ ಸೆಕ್ರೆಟರಿ ಚುಕ್ಕಿ ಬಿಟ್ಟು 3.5 ಬದಲು 35 ಅಂತ ಒತ್ತಿದ್ರೆ ಇದು ಹಾಗೇ ತಗೊಳ್ಳುತ್ತೆ.” ರಾತ್ರಿ ಒಂಬತ್ತೂವರೆಗೆ ಬಂದ ಆ ಮಾತಿಗೆ ಹನ್ನೊಂದರ ಒಳಗೆ ಅವನು ಮಿತಿಯ ತಪಾಸಣೆಯನ್ನೂ, ಅದಕ್ಕೊಂದು ಹೊಸ ಪರೀಕ್ಷೆಯನ್ನೂ ಸೇರಿಸಿದ್ದ. ತರಗತಿಯಲ್ಲಿ ನಾನು ಇನ್‌ಪುಟ್ ಪರಿಶೀಲನೆಯ ಬಗ್ಗೆ ಎರಡು ಗಂಟೆ ಪಾಠ ಮಾಡಿದ್ದೆ. ಅದು ಅವನಿಗೆ ನಾಟಿದ್ದು ಆ ರಾತ್ರಿ.

ಆದರೆ ಎಲ್ಲ ಒಪ್ಪಿಗೆಗಳೂ ಹೀಗಿರಲಿಲ್ಲ. ಮೊದಲ ವಾರಗಳಲ್ಲಿ ಆರುನೂರು ಸಾಲಿನ ಬದಲಾವಣೆಗೆ ಎರಡೇ ನಿಮಿಷದಲ್ಲಿ “ಚೆನ್ನಾಗಿದೆ” ಎಂಬ ಉತ್ತರ ಬಂದು ಹಸಿರು ಗುರುತು ಬೀಳುತ್ತಿತ್ತು. ಗೆಳೆಯನ ಕೋಡಿನಲ್ಲಿ ತಪ್ಪು ಹುಡುಕಿದರೆ ಅವನಿಗೆ ಬೇಜಾರಾಗುತ್ತದೆ ಎಂಬ ಸಂಕೋಚ ನಮ್ಮ ಮಕ್ಕಳಲ್ಲಿ ಬಲವಾಗಿದೆ, ಅದನ್ನು ಯಾವ ತಂತ್ರಾಂಶವೂ ತಾನಾಗಿ ಹೋಗಲಾಡಿಸದು. ಒಂದು ಪುಲ್ ರಿಕ್ವೆಸ್ಟ್ ಇನ್ನೂರು ಸಾಲು ಮೀರಬಾರದು, ಓದಿದವರು ಕನಿಷ್ಠ ಒಂದು ಪ್ರಶ್ನೆಯನ್ನಾದರೂ ಕೇಳಬೇಕು ಎಂದು ಕಟ್ಟುನಿಟ್ಟು ಮಾಡಿದ ಮೇಲೆ, ಅದಕ್ಕೂ ಮುಖ್ಯವಾಗಿ ನಾನೇ ಪಕ್ಕದಲ್ಲಿ ಕುಳಿತು ಒಂದೆರಡನ್ನು ಅವರೆದುರು ಓದಿ ತೋರಿಸಿದ ಮೇಲೆ ಓದು ಸುಧಾರಿಸಿತು.

ಅಂಕ ಕೊಡುವ ಅಧ್ಯಾಪಕರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಯಾರು ಎಷ್ಟು ಕಮಿಟ್ ಮಾಡಿದರು ಎಂದು ಗಿಟ್‌ಹಬ್ ಚಂದದ ನಕ್ಷೆ ತೋರಿಸುತ್ತದೆ. ಒಂದೇ ಲ್ಯಾಪ್‌ಟಾಪಿನ ಮುಂದೆ ಇಬ್ಬರು ಕುಳಿತು ಬರೆದರೆ ಹೆಸರು ಒಬ್ಬರದೇ ಬೀಳುತ್ತದೆ. ಕಮಿಟ್ ಸಂದೇಶದ ಕೊನೆಯಲ್ಲಿ ಸಹಲೇಖಕರ ಹೆಸರು ಸೇರಿಸಲು ಸಾಧ್ಯವಿದ್ದರೂ ಹೇಳಿಕೊಡದೆ ಅದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಸ್ವಂತ ಲ್ಯಾಪ್‌ಟಾಪ್ ಇಲ್ಲದ ವಿದ್ಯಾರ್ಥಿಯೊಬ್ಬಳಿದ್ದಳು. ನಕ್ಷೆಯನ್ನು ನಂಬಿ ಅಂಕ ಕೊಟ್ಟಿದ್ದರೆ ತಂಡದಲ್ಲಿ ಎಲ್ಲರಿಗಿಂತ ಸೂಕ್ಷ್ಮವಾಗಿ ಕೋಡ್ ಓದುತ್ತಿದ್ದ ಅವಳಿಗೇ ಅನ್ಯಾಯವಾಗುತ್ತಿತ್ತು.

ಸೇವೆಯ ಪರದೆಗಳೆಲ್ಲ ಇಂಗ್ಲಿಷಿನಲ್ಲೇ ಇರುವುದು ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಹದಿನೈದು ದಿನ ಕಷ್ಟವೇ. ಮರ್ಜ್ ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಇಬ್ಬರು ಮಾಡಿದ ಬದಲಾವಣೆಗಳ ತಿಕ್ಕಾಟ) ಬಂದಾಗ ಫೈಲಿನೊಳಗೆ ಏಳೇಳು ಬಾಣದ ಗುರುತುಗಳು ಸಾಲಾಗಿ ಕಾಣಿಸಿಕೊಂಡು, ಕೋಡೇ ಕೆಟ್ಟುಹೋಯಿತೆಂದು ಇಬ್ಬರು ಗಾಬರಿಯಿಂದ ನನ್ನ ಕೊಠಡಿಗೆ ಓಡಿ ಬಂದಿದ್ದರು. ಇಬ್ಬರೂ ದರ ಕಟ್ಟುವ ಒಂದೇ ಫಂಕ್ಷನ್ ತಿದ್ದಿದ್ದರು. ಯಾವುದು ಉಳಿಯಬೇಕೆಂದು ಕೂತು ಮಾತಾಡಿದಾಗ, ಎಸ್‌ಎನ್‌ಎಫ್ ಕಡಿಮೆಯಾದರೆ ದರ ಹೇಗೆ ಇಳಿಯಬೇಕು ಎಂಬುದನ್ನೇ ಇಬ್ಬರೂ ಬೇರೆ ಬೇರೆಯಾಗಿ ಅರ್ಥಮಾಡಿಕೊಂಡಿದ್ದು ಹೊರಬಿತ್ತು. ಮರುದಿನ ಡೇರಿಗೆ ಹೋಗಿ ಕೇಳಿ ಬಂದರು.

ಈ ಬಗೆಯ ಪ್ರಾಜೆಕ್ಟ್ ನಡೆಸುವ ಅಧ್ಯಾಪಕರಿಗೆ ನಾನು ಗಿಟ್‌ಹಬ್ ಅನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ, ವಾರಕ್ಕೆ ಮೂರು ಗಂಟೆಯಾದರೂ ಕುಳಿತು ವಿದ್ಯಾರ್ಥಿಗಳ ಪುಲ್ ರಿಕ್ವೆಸ್ಟ್‌ಗಳನ್ನು ಓದಲು ಸಿದ್ಧರಿದ್ದರೆ ಮಾತ್ರ. ಡೇರಿಯ ಕೆಲಸವನ್ನು ಮುಂದುವರಿಸುವ ಹೊಸ ತಂಡ ಈಗ ಬಂದಿದೆ. ಮೊದಲ ವಾರ ಒಂದು ಸಾಲೂ ಬರೆಯದೆ, ಹಿಂದಿನವರ ಪುಲ್ ರಿಕ್ವೆಸ್ಟ್‌ಗಳನ್ನು ಚುಕ್ಕಿಯ ಆ ಮಾತಿನಿಂದ ಆರಂಭಿಸಿ ಓದಲು ಹೇಳಿದ್ದೇನೆ.